ಮನೆಯಿಂದ ಆಫೀಸ್ ಕಂಪ್ಯೂಟರ್ ಸಿಗದಿದ್ದಾಗ: ಲಕ್ಷಣ ಹಿಡಿದು ದೋಷ ಹುಡುಕುವ ಬಗೆ

ಲೆಕ್ಕಕ್ಕೆ ಟ್ಯಾಲಿ, ಕನ್ನಡ ಟೈಪಿಂಗಿಗೆ ನುಡಿ, ಮಲಯಾಳಕ್ಕೆ ಐಎಸ್‌ಎಂ, ಜಿಎಸ್‌ಟಿಗೆ ಡಿಜಿಟಲ್ ಸಹಿ ಹಾಕುವ ಯುಎಸ್‌ಬಿ ಟೋಕನ್, ಎಲ್ಲವೂ ಇರುವುದು ಕಾಸರಗೋಡಿನ ಆಫೀಸಿನ ಒಂದೇ ಡೆಸ್ಕ್‌ಟಾಪಿನಲ್ಲಿ. ಕೆಲಸ ಮಾಡಬೇಕಾದವರು ಬದಿಯಡ್ಕದ ಮನೆಯಲ್ಲೋ ಮಂಗಳೂರಿನ ಬಾಡಿಗೆ ಕೋಣೆಯಲ್ಲೋ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿರುತ್ತಾರೆ. ತಿಂಗಳ 20ರ ರಾತ್ರಿ, ಜಿಎಸ್‌ಟಿಆರ್-3ಬಿ ಎಂಬ ತಿಂಗಳ ರಿಟರ್ನ್ ಇನ್ನೂ ಬಾಕಿ, ಆಗಲೇ ಸಂಪರ್ಕ ಸಿಗುವುದಿಲ್ಲ. ಕೂಡಲೇ ಲ್ಯಾಪ್‌ಟಾಪನ್ನು ನಾಲ್ಕು ಸಲ ರೀಸ್ಟಾರ್ಟ್ ಮಾಡುವುದು, ಆ್ಯಪನ್ನು ತೆಗೆದು ಮತ್ತೆ ಹಾಕುವುದು ಸಾಮಾನ್ಯ. ಆದರೆ ದೋಷ ಲ್ಯಾಪ್‌ಟಾಪಿನಲ್ಲಿ ಇರುವುದು ಅಪರೂಪ. ಹೆಚ್ಚಿನ ಸಲ ಅದು ಆ ಕಡೆ, ಬೀಗ ಹಾಕಿದ ಆಫೀಸಿನೊಳಗೆ ಇರುತ್ತದೆ.

ಮೊದಲು ಒಂದು ವಿಷಯ ಸ್ಪಷ್ಟವಾಗಲಿ. ದೂರದಿಂದ ಕಂಪ್ಯೂಟರ್ ಹಿಡಿಯಲು ಎರಡು ಜಾತಿಯ ದಾರಿಗಳಿವೆ. ಎನಿಡೆಸ್ಕ್, ಟೀಮ್‌ವ್ಯೂವರ್, ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್ ಆಫೀಸಿನ ಪರದೆಯನ್ನು ಇದ್ದ ಹಾಗೆ ತೋರಿಸುತ್ತವೆ. ನೀವು ಮಾಡಿದ್ದೆಲ್ಲ ಅಲ್ಲಿನ ಮಾನಿಟರಿನಲ್ಲೂ ಕಾಣುತ್ತದೆ. ವಿಂಡೋಸಿನ ಸ್ವಂತ ರಿಮೋಟ್ ಡೆಸ್ಕ್‌ಟಾಪ್, ಅಂದರೆ ಆರ್‌ಡಿಪಿ, ಹಾಗಲ್ಲ. ಅದು ನಿಮ್ಮ ಲಾಗಿನ್ನನ್ನು ಮೇಜಿನಿಂದ ಎತ್ತಿ ನಿಮ್ಮ ಲ್ಯಾಪ್‌ಟಾಪಿಗೆ ತರುತ್ತದೆ, ಅಲ್ಲಿನ ಮಾನಿಟರಿನಲ್ಲಿ ಬೀಗದ ಪರದೆ ಮಾತ್ರ ಉಳಿಯುತ್ತದೆ. ಮುಂದೆ ಬರುವ ಅರ್ಧದಷ್ಟು ತೊಂದರೆಗಳಿಗೆ ಕಾರಣ ಈ ಒಂದು ವ್ಯತ್ಯಾಸ. ನಿಮ್ಮದು ಯಾವ ದಾರಿ ಎಂದು ತಿಳಿದುಕೊಂಡು ಓದಿ.

"ಆಫ್‌ಲೈನ್" ಎನ್ನುತ್ತದೆ, ಇಲ್ಲವೇ ಏನೂ ಸಿಗುವುದಿಲ್ಲ

ಲ್ಯಾಪ್‌ಟಾಪಿನಲ್ಲಿ ಬೇರೆ ಯಾವುದಾದರೂ ಪುಟ ತೆರೆಯುತ್ತದೆಯೇ ನೋಡಿ. ಮನೆಯ ವೈಫೈ ಬಿಟ್ಟು ಮೊಬೈಲಿನ ಹಾಟ್‌ಸ್ಪಾಟ್ ಹಿಡಿದು ಒಮ್ಮೆ ಪ್ರಯತ್ನಿಸಿ. ಎರಡು ನಿಮಿಷದ ಕೆಲಸ ಇದು. ಎರಡರಲ್ಲೂ ಸಿಗದಿದ್ದರೆ ಲ್ಯಾಪ್‌ಟಾಪನ್ನು ಅಲ್ಲಿಗೇ ಬಿಟ್ಟು ಆಫೀಸಿಗೆ ಫೋನ್ ಮಾಡಿ.

ಫೋನಿನಲ್ಲಿ "ಕಂಪ್ಯೂಟರ್ ಸರಿ ಉಂಟಾ?" ಎಂದು ಕೇಳಿದರೆ "ಸರಿ ಉಂಟು" ಎಂಬ ಉತ್ತರವೇ ಬರುತ್ತದೆ. ಕೇಳಬೇಕಾದ್ದು ದೀಪಗಳನ್ನು. "ಅಕ್ಕ, ಸಿಪಿಯು ಮುಂದಿನ ದೀಪ ಉರಿಯುತ್ತಾ ಉಂಟಾ, ಮಿಣಮಿಣ ಆಗ್ತಾ ಉಂಟಾ, ಇಲ್ಲವೇ ಇಲ್ವಾ? ನೆಟ್ಟಿನ ಡಬ್ಬದಲ್ಲಿ ಕೆಂಪು ದೀಪ ಉಂಟಾ?" ಇಷ್ಟು ಸಾಕು.

ಸಿಪಿಯು ದೀಪ ಮಿಣುಕುತ್ತಿದ್ದರೆ ಕಂಪ್ಯೂಟರ್ ನಿದ್ದೆಯಲ್ಲಿದೆ. ಯಾವುದಾದರೂ ಕೀ ಒತ್ತಿಸಿದರೆ ಏಳುತ್ತದೆ. ಆಮೇಲೆ ನೀವೇ ಒಳಹೊಕ್ಕು ಸೆಟ್ಟಿಂಗ್ಸ್, ಸಿಸ್ಟಮ್, ಪವರ್ ಎಂಬಲ್ಲಿ ಸ್ಲೀಪ್ ಸಮಯವನ್ನು "ನೆವರ್" ಮಾಡಿಬಿಡಿ. ಪರದೆ ಆರಿದರೆ ತೊಂದರೆಯಿಲ್ಲ, ಯಂತ್ರ ಮಲಗಬಾರದು ಅಷ್ಟೆ.

ನೆಟ್ಟಿನ ಡಬ್ಬದಲ್ಲಿ "ಲಾಸ್" (LOS) ಎಂಬ ದೀಪ ಕೆಂಪಾಗಿದ್ದರೆ ಫೈಬರಿನಲ್ಲಿ ಬೆಳಕು ಬರುತ್ತಿಲ್ಲ ಎಂದರ್ಥ. ಎಲ್ಲೋ ತಂತಿ ತುಂಡಾಗಿದೆ ಅಥವಾ ಡಬ್ಬದ ಹಿಂದೆ ಸಡಿಲಾಗಿದೆ. ಹೆದ್ದಾರಿ 66ರ ಅಗಲೀಕರಣಕ್ಕೆ ಅಗೆಯುತ್ತಿದ್ದಾಗ ಜೆಸಿಬಿ ಹೋದ ದಾರಿಯಲ್ಲಿ ಇದನ್ನು ಎಷ್ಟು ಸಲ ಕಂಡವರಿಲ್ಲ! ನಿಮ್ಮಿಂದ ಆಗುವುದೇನಿಲ್ಲ, ಸೇವೆ ಕೊಡುವವರಿಗೆ ದೂರು ಬರೆಸಿ. ಕಿತ್ತುಬಂದ ಫೈಬರಿನ ತುದಿಯನ್ನು ಕಣ್ಣಿಗೆ ಹಿಡಿದು ನೋಡುವುದು ಬೇಡ, ಒಳಗಿನ ಲೇಸರ್ ಕಣ್ಣಿಗೆ ಕಾಣದು. "ಪಾನ್" (PON) ದೀಪ ಸ್ಥಿರವಾಗಿದ್ದು ಕೆಂಪು ಇಲ್ಲದಿದ್ದೂ ನೆಟ್ ಬಾರದಿದ್ದರೆ ಡಬ್ಬವನ್ನು 30 ಸೆಕೆಂಡು ಆರಿಸಿ ಹಾಕಿಸಿ.

ಸಿಪಿಯು ದೀಪವೇ ಇಲ್ಲದಿದ್ದರೆ ಕರೆಂಟಿನ ಕಥೆ. ನಮ್ಮ ಕಡೆ ಆಟಿಯ ಗಾಳಿಮಳೆಗೆ ತೆಂಗಿನ ಮಡಲು ಲೈನಿನ ಮೇಲೆ ಬೀಳುವುದು, ತುಲಾ ತಿಂಗಳಲ್ಲಿ ಸಂಜೆಯಾದರೆ ಗುಡುಗು ಎಂದು ಎಲ್ಲ ಪ್ಲಗ್ ಕಿತ್ತಿಟ್ಟು ಹೋಗುವುದು, ಎರಡೂ ಇದ್ದದ್ದೇ. 600 ವಿಎ ಯುಪಿಎಸ್ ಒಂದು ಡೆಸ್ಕ್‌ಟಾಪನ್ನು ಹಿಡಿದಿಡುವುದು ಹತ್ತು-ಹದಿನೈದು ನಿಮಿಷ. ಬ್ಯಾಟರಿ ಪೂರ್ತಿ ಇಳಿದ ಮೇಲೆ ಕರೆಂಟು ಮರಳಿದರೂ ಕೆಲವು ಯುಪಿಎಸ್‌ಗಳು ಯಾರಾದರೂ ಗುಂಡಿ ಒತ್ತುವ ತನಕ ಏಳುವುದಿಲ್ಲ. ಯುಪಿಎಸ್ ಎದ್ದರೂ ಕಂಪ್ಯೂಟರ್ ತಾನಾಗಿ ಏಳುವುದಿಲ್ಲ. ಅದಕ್ಕೆ ಬಯೋಸ್‌ನಲ್ಲಿ, ಅಂದರೆ ವಿಂಡೋಸಿಗೂ ಮೊದಲು ಓಡುವ ಮೂಲ ಸೆಟ್ಟಿಂಗಿನಲ್ಲಿ, ಹೇಳಿಡಬೇಕು. ಕಂಪ್ಯೂಟರ್ ಶುರುವಾಗುವಾಗ ಎಫ್2 ಅಥವಾ ಡಿಲೀಟ್ ಒತ್ತಿದರೆ ಬಯೋಸ್ ತೆರೆಯುತ್ತದೆ, ಕೆಲವು ಕಂಪನಿಗಳದ್ದು ಎಫ್1 ಅಥವಾ ಎಫ್10. ಅಲ್ಲಿ "ಎಸಿ ಪವರ್ ಲಾಸ್", "ಎಸಿ ರಿಕವರಿ" ಅಥವಾ "ಆಫ್ಟರ್ ಪವರ್ ಲಾಸ್" ಎಂಬ ಸಾಲು ಇರುತ್ತದೆ. ಅದನ್ನು "ಪವರ್ ಆನ್" ಮಾಡಿ. "ಲಾಸ್ಟ್ ಸ್ಟೇಟ್" ಸಾಲದು: ಯಾರಾದರೂ ಅಭ್ಯಾಸಬಲದಿಂದ ಶಟ್‌ಡೌನ್ ಮಾಡಿ ಹೋಗಿದ್ದರೆ ಅದು ಆರಿದ ಸ್ಥಿತಿಯನ್ನೇ ನೆನಪಿಟ್ಟುಕೊಳ್ಳುತ್ತದೆ. "ಪವರ್ ಆನ್" ಇದ್ದರೆ ಕಂಪ್ಯೂಟರಿನ ಗಂಧಗಾಳಿ ಇಲ್ಲದವರೂ ಯುಪಿಎಸ್ ಸ್ವಿಚ್ಚನ್ನು ಆರಿಸಿ ಹಾಕಿದರೆ ಸಾಕು, ಯಂತ್ರ ಎದ್ದು ಕೂರುತ್ತದೆ.

ಇಷ್ಟು ಮಾಡಿಟ್ಟ ಮೇಲೂ ಕರೆಂಟು ಹೋಗಿ ಬಂದಾಗಲೆಲ್ಲ ಕಂಪ್ಯೂಟರ್ ಸಿಗದಾಗುತ್ತಿದ್ದರೆ ಮದರ್‌ಬೋರ್ಡಿನ ನಾಣ್ಯದಂಥ ಬ್ಯಾಟರಿಯನ್ನು ಶಂಕಿಸಿ. ಅದು ಸತ್ತಿದ್ದರೆ ಎರಡು ಗುರುತು ಕಾಣುತ್ತವೆ: ತಾರೀಖು ವರ್ಷಗಟ್ಟಲೆ ಹಿಂದಕ್ಕೆ ಹೋಗಿರುತ್ತದೆ, ಮತ್ತು "ಎಫ್1 ಒತ್ತಿ" ಎಂದು ಕೇಳುತ್ತಾ ಕಪ್ಪು ಪರದೆ ಕಾದು ನಿಂತಿರುತ್ತದೆ. ನೀವು ಬಯೋಸ್‌ನಲ್ಲಿ ಇಟ್ಟ "ಪವರ್ ಆನ್" ಕೂಡ ಅದರೊಂದಿಗೆ ಅಳಿಸಿಹೋಗುತ್ತದೆ. ಬೇಕಾದ್ದು ಸಿಆರ್2032, 3 ವೋಲ್ಟಿನದ್ದು. ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ. ಕಂಪ್ಯೂಟರ್ ಆರಿಸಿ, ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ ಹಿಡಿದ ಮೇಲೆ ಬದಲಾಯಿಸಿ. ಕೂಡಿಸುವ ಗುರುತು, ಬರಹ ಇರುವ ಮುಖ ಮೇಲೆ ಬರಬೇಕು. ಹಳೆಯದನ್ನು ಮಕ್ಕಳ ಕೈಗೆ ಸಿಗುವಲ್ಲಿ ಇಡಬೇಡಿ. ನುಂಗಿದರೆ ಗಂಟಲು ಸುಡುತ್ತದೆ, ಕೂಡಲೇ ಆಸ್ಪತ್ರೆಗೆ ಹೋಗಬೇಕಾದ ಸಂಗತಿ ಅದು.

ಸಿಡಿಲು ಬಡಿದ ಮರುದಿನ ಕಂಪ್ಯೂಟರ್ ಸರಿಯಾಗಿ ಶುರುವಾಗಿ ನೆಟ್ ಮಾತ್ರ ಇಲ್ಲದಿದ್ದರೆ ಹಿಂದೆ ಲ್ಯಾನ್ ಕೇಬಲ್ ಸಿಕ್ಕಿಸುವಲ್ಲಿನ ಪುಟ್ಟ ದೀಪ ನೋಡಿ. ಬೇರೆ ಕೇಬಲ್, ರೂಟರಿನ ಬೇರೆ ಪೋರ್ಟ್ ಹಾಕಿದರೂ ಅದು ಹತ್ತದಿದ್ದರೆ ಲ್ಯಾನ್ ಪೋರ್ಟ್ ಸತ್ತಿದೆ. ಮದರ್‌ಬೋರ್ಡ್ ಬದಲಿಸುವ ಮಾತಿಗೆ ಒಪ್ಪುವ ಮೊದಲು ಯುಎಸ್‌ಬಿಗೆ ಸಿಕ್ಕಿಸುವ ಲ್ಯಾನ್ ಅಡಾಪ್ಟರ್ ಹಾಕಿ ನೋಡಿ.

ಇಲ್ಲಿ ನಿಲ್ಲಬೇಕಾದ ಕಡೆಗಳು: ಸುಟ್ಟ ವಾಸನೆ, ಉಬ್ಬಿದ ಯುಪಿಎಸ್ ಬ್ಯಾಟರಿ, ಸಿಪಿಯು ಕವಚ ಮುಟ್ಟಿದರೆ ಜುಮ್ ಎನ್ನುವುದು. ಕೊನೆಯದು ಅರ್ಥಿಂಗ್ ದೋಷ. ಪ್ಲಗ್ ಮುಟ್ಟದೆ ಮೇನ್ ಆರಿಸಿ ಎಲೆಕ್ಟ್ರಿಶಿಯನ್ನನ್ನು ಕರೆಯಿರಿ. ಪವರ್ ಸಪ್ಲೈ ಡಬ್ಬವನ್ನು ಬಿಚ್ಚಲೇಬೇಡಿ, ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರುಗಳಲ್ಲಿ ವಿದ್ಯುತ್ ಉಳಿದಿರುತ್ತದೆ. ಲೈನಿನ ದೂರಿಗೆ ಕೇರಳದ ವಿದ್ಯುತ್ ಮಂಡಳಿ ಕೆಎಸ್‌ಇಬಿಯ 1912 ಇದೆ. ಮತ್ತೆ, ಗುಡುಗುತ್ತಿರುವಾಗ ಆಫೀಸಿನವರಿಗೆ ಫೋನ್ ಮಾಡಿ "ಪ್ಲಗ್ ಸಿಕ್ಕಿಸಿ" ಎನ್ನಬೇಡಿ. ರಿಟರ್ನ್ ಒಂದು ದಿನ ತಡವಾದರೆ ತಡ ಶುಲ್ಕ ಕಟ್ಟಿ ಮುಗಿಸಬಹುದು.

ಆಫೀಸಿನಲ್ಲಿ ಎಲ್ಲ ಸರಿ, ಆದರೂ ಎನಿಡೆಸ್ಕ್ "ಆಫ್‌ಲೈನ್"

ರೀಸ್ಟಾರ್ಟ್ ಆದ ಮೇಲೆ ಹೀಗಾಗಿದ್ದರೆ ಎನಿಡೆಸ್ಕನ್ನು ಅಲ್ಲಿ ಇನ್‌ಸ್ಟಾಲ್ ಮಾಡಿಲ್ಲ, ಡೌನ್‌ಲೋಡ್ ಮಾಡಿದ ಫೈಲನ್ನು ಹಾಗೆಯೇ ಓಡಿಸಿದ್ದಾರೆ. ಅಂಥದ್ದು ಯಾರಾದರೂ ಲಾಗಿನ್ ಆಗಿ ಮತ್ತೆ ತೆರೆಯುವ ತನಕ ಏಳುವುದಿಲ್ಲ. ಅನುಮತಿ ಕೇಳುವ ಕಪ್ಪು-ನೀಲಿ ಪರದೆ ಬಂದಾಗ ನಿಮ್ಮ ಮೌಸ್ ಕಲ್ಲಾಗುವುದೂ ಇದೇ ಕಾರಣಕ್ಕೆ. ಇನ್‌ಸ್ಟಾಲ್ ಮಾಡಿ, "ಅನ್‌ಅಟೆಂಡೆಡ್ ಆ್ಯಕ್ಸೆಸ್"ಗೆ ಉದ್ದನೆಯ ಪಾಸ್‌ವರ್ಡ್ ಕೊಟ್ಟರೆ ಎರಡೂ ತೀರುತ್ತವೆ. ಕೆಲವು ನಿಮಿಷಕ್ಕೊಮ್ಮೆ ಕಡಿದುಹೋಗುತ್ತಾ ವಾಣಿಜ್ಯ ಬಳಕೆಯ ಸೂಚನೆ ಬರುತ್ತಿದ್ದರೆ ಅದು ದೋಷವಲ್ಲ. ಉಚಿತ ಪರವಾನಗಿ ಸ್ವಂತ ಬಳಕೆಗೆ ಮಾತ್ರ, ಆಫೀಸು ಹಣ ಕೊಡಬೇಕು.

ವಿಪಿಎನ್ ಸೇರುತ್ತದೆ, ರಿಮೋಟ್ ಡೆಸ್ಕ್‌ಟಾಪ್ ಮಾತ್ರ ಸೇರುವುದಿಲ್ಲ (ಕೋಡ್ 0ಎಕ್ಸ್204)

ವಿಪಿಎನ್ ಎಂದರೆ ಮನೆಯ ಲ್ಯಾಪ್‌ಟಾಪನ್ನು ಆಫೀಸಿನ ನೆಟ್‌ವರ್ಕಿಗೆ ಸೇರಿಸುವ ಖಾಸಗಿ ದಾರಿ. ಪಿಂಗ್ (ಆ ಯಂತ್ರ ಉತ್ತರ ಕೊಡುತ್ತದೆಯೇ ಎಂದು ನೋಡುವ ಆಜ್ಞೆ) ಮಾಡಿ ಉತ್ತರ ಬರಲಿಲ್ಲವೆಂದು ತೀರ್ಮಾನಕ್ಕೆ ಬರಬೇಡಿ, ವಿಂಡೋಸ್ ಫೈರ್‌ವಾಲ್ ಪಿಂಗ್ ತಡೆದು ಆರ್‌ಡಿಪಿ ಬಿಡುವುದುಂಟು. ಸರಿಯಾದ ಪರೀಕ್ಷೆ ಪವರ್‌ಶೆಲ್‌ನ ಟೆಸ್ಟ್-ನೆಟ್‌ಕನೆಕ್ಷನ್. ಅದಕ್ಕೆ ಆಫೀಸ್ ಕಂಪ್ಯೂಟರಿನ ವಿಳಾಸವನ್ನೂ ಆರ್‌ಡಿಪಿಯ ಬಾಗಿಲಾದ 3389 ಎಂಬ ಪೋರ್ಟನ್ನೂ ಕೊಡಿ. ಕೊನೆಯ ಸಾಲಿನಲ್ಲಿ "ಟ್ರೂ" ಬಂದರೆ ಬಾಗಿಲು ತೆರೆದಿದೆ, ನಿಮ್ಮ ತೊಂದರೆ ಪಾಸ್‌ವರ್ಡಿನದು. ಮುಂದಿನ ಭಾಗಕ್ಕೆ ಹೋಗಿ. "ಫಾಲ್ಸ್" ಬಂದರೆ ಹೀಗೆ ನೋಡುತ್ತಾ ಬನ್ನಿ:

ಕಂಪ್ಯೂಟರಿನ ವಿಳಾಸ ಬದಲಾಗಿರಬಹುದು. ರೂಟರ್ ಆರಿ ಹತ್ತಿದಾಗ ನಿನ್ನೆಯ 192.168.1.12 ಇವತ್ತು 192.168.1.15 ಆಗುತ್ತದೆ. ಆಫೀಸಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಐಪಿಕಾನ್ಫಿಗ್ (ipconfig) ಎಂದು ಹೊಡೆಸಿ, ಬಂದ ವಿಳಾಸ ಓದಿಸಿ. ಆಮೇಲೆ ರೂಟರಿನಲ್ಲಿ ಆ ಯಂತ್ರಕ್ಕೆ ಒಂದೇ ವಿಳಾಸ ಕಾಯ್ದಿರಿಸಿ.

ಮನೆಯ ರೂಟರ್, ಆಫೀಸ್ ರೂಟರ್ ಎರಡೂ 192.168.1 ಎಂದೇ ಶುರುವಾಗುತ್ತವೆಯೇ? ಹಾಗಿದ್ದರೆ ಲ್ಯಾಪ್‌ಟಾಪು ಆಫೀಸಿನ ಯಂತ್ರವನ್ನು ಮನೆಯೊಳಗೇ ಹುಡುಕುತ್ತಾ ಕೂರುತ್ತದೆ, ವಿಪಿಎನ್ ಕಡೆ ಮುಖ ಹಾಕುವುದಿಲ್ಲ. ಒಂದೇ ಊರಲ್ಲಿ ಒಂದೇ ಹೆಸರಿನ ಎರಡು ಮನೆ ಇದ್ದು ಅಂಚೆಯವನು ಹತ್ತಿರದ್ದಕ್ಕೇ ಪತ್ರ ಹಾಕಿದ ಹಾಗೆ. ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಸಿಕ್ಕಿ ಮನೆಯ ವೈಫೈಯಲ್ಲಿ ಸಿಗದಿದ್ದರೆ ರೋಗ ಇದೇ ಇರಬಹುದು. ಮನೆಯ ರೂಟರಿನ ಒಳವಿಳಾಸವನ್ನು 192.168.37.1 ಎಂಬಂತೆ ಯಾರೂ ಬಳಸದ ಸಂಖ್ಯೆಗೆ ಬದಲಿಸಿ.

ಯಾರಾದರೂ ಇತ್ತೀಚೆಗೆ ವಿಂಡೋಸ್ ಹೊಸದಾಗಿ ಹಾಕಿಕೊಟ್ಟರೇ? ಪ್ರೊ ಇದ್ದಲ್ಲಿ ಹೋಮ್ ಬಂದು ಕೂತಿರಬಹುದು. ಹೋಮ್ ಆವೃತ್ತಿಯಿಂದ ಬೇರೆ ಯಂತ್ರಕ್ಕೆ ಹೋಗಬಹುದು, ಹೋಮ್ ಇರುವ ಯಂತ್ರಕ್ಕೆ ಆರ್‌ಡಿಪಿಯಲ್ಲಿ ಬರಲಾಗದು. ಮನೆಯ ಲ್ಯಾಪ್‌ಟಾಪಿನಲ್ಲಿ ಹೋಮ್ ಇದ್ದರೆ ಚಿಂತೆಯಿಲ್ಲ.

ಟೇಲ್‌ಸ್ಕೇಲ್ ಎಂಬ ವಿಪಿಎನ್ ಬಳಸುವವರಿಗೆ ಒಂದು ಗುಟ್ಟು. ಆರು ತಿಂಗಳು ತಕರಾರಿಲ್ಲದೆ ನಡೆದು ಒಂದು ಬೆಳಗ್ಗೆ ಸುಮ್ಮನೆ ನಿಂತುಹೋದರೆ ಅದರ ಕೀ ಅವಧಿ ಮುಗಿದಿದೆ. ಸಾಮಾನ್ಯವಾಗಿ 180 ದಿನ. ಆಫೀಸಿನ ಯಂತ್ರದಲ್ಲಿ ಮತ್ತೆ ಲಾಗಿನ್ ಮಾಡಿಸಿ, ಅಡ್ಮಿನ್ ಪುಟದಲ್ಲಿ ಆ ಯಂತ್ರಕ್ಕೆ ಅವಧಿ ತೆಗೆದುಹಾಕಿ. "ರನ್ ಅನ್‌ಅಟೆಂಡೆಡ್" ಕೂಡ ಹಾಕಿರಿ, ಇಲ್ಲದಿದ್ದರೆ ಯಾರಾದರೂ ಲಾಗ್‌ಔಟ್ ಆದೊಡನೆ ಕೊಂಡಿ ಕಳಚುತ್ತದೆ.

ವಿಪಿಎನ್ ರಗಳೆಯೇ ಬೇಡ, ರೂಟರಿನಲ್ಲಿ 3389 ಪೋರ್ಟನ್ನು ಹೊರಕ್ಕೆ ತೆರೆದುಬಿಡೋಣ ಎಂದು ಸಲಹೆ ಕೊಡುವವರಿದ್ದಾರೆ. ಮಾಡಬೇಡಿ. 2020ರ ಲಾಕ್‌ಡೌನಿನಲ್ಲಿ ಕೇರಳ-ಕರ್ನಾಟಕದ ತಲಪಾಡಿ ಗಡಿ ಮುಚ್ಚಿದಾಗ ಆತುರಕ್ಕೆ ಮಾಡಿಟ್ಟ ಇಂಥ ವ್ಯವಸ್ಥೆ ಇವತ್ತಿಗೂ ನಿಮ್ಮಲ್ಲಿ ಉಳಿದಿದ್ದರೆ ಮೊದಲು ಅದನ್ನು ಮುಚ್ಚಿ. ಅಂಥ ಯಂತ್ರದ ಈವೆಂಟ್ ವ್ಯೂವರ್‌ನಲ್ಲಿ, ಸೆಕ್ಯುರಿಟಿ ಪಟ್ಟಿಯಲ್ಲಿ 4625 ಸಂಖ್ಯೆಯ ದಾಖಲೆಗಳನ್ನು ತೆರೆದು ನೋಡಿ: ಎಲ್ಲೆಲ್ಲಿಂದಲೋ ಪಾಸ್‌ವರ್ಡ್ ಊಹಿಸಿ ಸೋತವರ ಸಾಲು ಅದು. ಒಬ್ಬ ಗೆದ್ದರೆ ಲೆಕ್ಕದ ಫೈಲುಗಳಿಗೆಲ್ಲ ಬೀಗ ಬಿದ್ದು ಹಣದ ಬೇಡಿಕೆ ಬರುತ್ತದೆ. ರೂಟರಿನ ಹೊರವಿಳಾಸ 100.64ರಿಂದ 100.127ರ ನಡುವೆ ಇದ್ದರಂತೂ ನೀವು ಪೋರ್ಟ್ ತೆರೆದರೂ ಹೊರಗಿನಿಂದ ಸಿಗದು, ಸೇವೆ ಕೊಡುವವರು ಒಂದೇ ವಿಳಾಸವನ್ನು ಹಲವರಿಗೆ ಹಂಚಿದ್ದಾರೆ.

ಪಾಸ್‌ವರ್ಡ್ ಸರಿ ಕೊಟ್ಟರೂ ತಪ್ಪು ಎನ್ನುತ್ತದೆ

ಆಫೀಸಿನಲ್ಲಿ ದಿನಾ ಒತ್ತುವ ನಾಲ್ಕಂಕಿಯ ಪಿನ್ ಇಲ್ಲಿ ನಡೆಯದು, ಖಾತೆಯ ನಿಜವಾದ ಪಾಸ್‌ವರ್ಡೇ ಬೇಕು. ಪಾಸ್‌ವರ್ಡೇ ಇಲ್ಲದ ಖಾತೆಗೂ ಆರ್‌ಡಿಪಿ ಬಿಡುವುದಿಲ್ಲ. ಮೈಕ್ರೋಸಾಫ್ಟ್ ಖಾತೆಯಾದರೆ ಹೆಸರಿನ ಜಾಗದಲ್ಲಿ ಪೂರ್ತಿ ಇಮೇಲ್ ಬರೆಯಿರಿ. ಆ ಯಂತ್ರದಲ್ಲಿ ಶುರುವಿನಿಂದಲೂ ಪಿನ್ನಿನಲ್ಲೇ ಒಳಹೋಗಿದ್ದರೆ ಅದಕ್ಕೆ ಪಾಸ್‌ವರ್ಡಿನ ಪರಿಚಯವೇ ಇರುವುದಿಲ್ಲ; ಒಮ್ಮೆ ಆಫೀಸಿನಲ್ಲಿ ಕೂತು ಪಾಸ್‌ವರ್ಡ್ ಕೊಟ್ಟು ಲಾಗಿನ್ ಆಗಬೇಕು. ಸಿಟ್ಟಿನಿಂದ ಮತ್ತೆ ಮತ್ತೆ ಒತ್ತಬೇಡಿ. ವಿಂಡೋಸ್ 11ರ ಈಚಿನ ಆವೃತ್ತಿಗಳಲ್ಲಿ 10 ಸಲ ತಪ್ಪಿದರೆ ಖಾತೆ 10 ನಿಮಿಷ ಮುಚ್ಚುತ್ತದೆ. ಸಮಯದ ವ್ಯತ್ಯಾಸದ ಬಗ್ಗೆ ಏನಾದರೂ ಹೇಳಿದರೆ ಮೇಲಿನ ಸಿಆರ್2032 ನೆನಪಿಸಿಕೊಳ್ಳಿ.

ಸೇರಿತು, ಆದರೆ ಪರದೆ ಕಪ್ಪು

ಆರ್‌ಡಿಪಿಯಲ್ಲಾದರೆ ಅರ್ಧ ನಿಮಿಷ ಕಾಯಿರಿ. ಬಾರದಿದ್ದರೆ ಕಂಟ್ರೋಲ್, ಆಲ್ಟ್, ಎಂಡ್ ಒಟ್ಟಿಗೆ ಒತ್ತಿ. ದೂರದ ಯಂತ್ರಕ್ಕೆ ಕಂಟ್ರೋಲ್-ಆಲ್ಟ್-ಡಿಲೀಟ್ ಕಳಿಸುವ ಬಗೆ ಇದು. ಟಾಸ್ಕ್ ಮ್ಯಾನೇಜರ್ ತೆರೆದು ಎಕ್ಸ್‌ಪ್ಲೋರರ್ ಓಡಿಸಿದರೆ ಡೆಸ್ಕ್‌ಟಾಪ್ ಬರುತ್ತದೆ. ಎನಿಡೆಸ್ಕಿನಲ್ಲಿ ಕಪ್ಪಾದರೆ ಆಫೀಸಿನ ಮಾನಿಟರ್ ಕೇಬಲ್ ಕಳಚಿದೆಯೇ ಕೇಳಿ. ಮಾನಿಟರ್ ಇಲ್ಲವೆಂದು ಕಂಡರೆ ಕೆಲವು ಯಂತ್ರಗಳು ಚಿತ್ರವನ್ನೇ ಬಿಡಿಸುವುದಿಲ್ಲ. ಎಚ್‌ಡಿಎಂಐಗೆ ಸಿಕ್ಕಿಸುವ ಪುಟ್ಟ ಡಮ್ಮಿ ಪ್ಲಗ್ ಹಾಕಿದರೆ ಮಾನಿಟರ್ ಇದೆಯೆಂದೇ ನಂಬುತ್ತವೆ.

ಒತ್ತಿದ ಅಕ್ಷರ ತಡವಾಗಿ ಬರುತ್ತದೆ, ನಡುನಡುವೆ ಕಡಿಯುತ್ತದೆ

ನಿಮ್ಮ ಮನೆಯ ಡೌನ್‌ಲೋಡ್ ವೇಗ ನೋಡಿ ಸಮಾಧಾನ ಪಡಬೇಡಿ. ಚಿತ್ರ ಬರುವುದು ಆಫೀಸಿನಿಂದ, ಅಂದರೆ ಆಫೀಸಿನ ಅಪ್‌ಲೋಡ್ ಲೆಕ್ಕಕ್ಕೆ ಬರುತ್ತದೆ. 5 ಎಂಬಿಪಿಎಸ್ ಇದ್ದರೂ ಲೆಕ್ಕಪತ್ರದ ಕೆಲಸಕ್ಕೆ ಧಾರಾಳ. ವೇಗಕ್ಕಿಂತ ಮುಖ್ಯ ಪಿಂಗ್, ಅಂದರೆ ಉತ್ತರ ಮರಳಲು ಹಿಡಿಯುವ ಹೊತ್ತು: 50 ಮಿಲಿಸೆಕೆಂಡಿನ ಒಳಗಿದ್ದರೆ ಹಾಯಾಗಿರುತ್ತದೆ, 150 ದಾಟಿದರೆ ಬೆರಳಿಗೂ ಪರದೆಗೂ ತಾಳ ತಪ್ಪುತ್ತದೆ. ಆರ್‌ಡಿಪಿ ಸಂಪರ್ಕದ ಆಯ್ಕೆಗಳಲ್ಲಿ, ಎಕ್ಸ್‌ಪೀರಿಯನ್ಸ್ ಟ್ಯಾಬಿನಲ್ಲಿ ಹಿನ್ನೆಲೆ ಚಿತ್ರ ತೆಗೆಯಿರಿ, ಡಿಸ್‌ಪ್ಲೇ ಟ್ಯಾಬಿನಲ್ಲಿ ಬಣ್ಣವನ್ನು 16 ಬಿಟ್‌ಗೆ ಇಳಿಸಿ. ತಲಪಾಡಿ ದಾಟುವ ಬಸ್ಸಿನಲ್ಲಿ ಕೂತು ಕೆಲಸ ಮಾಡಿದರೆ ಟವರ್ ಬದಲಾದಾಗ ಕಡಿಯುವುದು ಸಹಜ. ಆರ್‌ಡಿಪಿ ತಾನೇ 20 ಸಲ ಮರುಪ್ರಯತ್ನ ಮಾಡುತ್ತದೆ. ನೀವು ತೆರೆದಿಟ್ಟದ್ದು ಆಫೀಸಿನಲ್ಲಿ ಹಾಗೇ ಇರುತ್ತದೆ.

ನಿಧಾನವೆಂದು ಲೆಕ್ಕದ ಫೋಲ್ಡರನ್ನೇ ವಿಪಿಎನ್ ಮೂಲಕ ಲ್ಯಾಪ್‌ಟಾಪಿನ ಸಾಫ್ಟ್‌ವೇರಿನಲ್ಲಿ ತೆರೆಯುವ ಯೋಚನೆ ಮಾತ್ರ ಬೇಡ. ಬರೆಯುತ್ತಿರುವಾಗ ಕೊಂಡಿ ಕಡಿದರೆ ಫೈಲು ಕೆಡುತ್ತದೆ. ಸಾಫ್ಟ್‌ವೇರ್ ಓಡಬೇಕಾದ್ದು ಡೇಟಾ ಇರುವ ಯಂತ್ರದಲ್ಲೇ.

ಕನ್ನಡ ಒತ್ತಿದರೆ ಏನೇನೋ ಬರುತ್ತದೆ

ಟೈಪಿಂಗ್ ತಂತ್ರಾಂಶ ಒಂದು ತುದಿಯಲ್ಲಿ ಮಾತ್ರ ಓಡುತ್ತಿರಬೇಕು. ಲ್ಯಾಪ್‌ಟಾಪಿನಲ್ಲೂ ನುಡಿ, ಆಫೀಸಿನಲ್ಲೂ ನುಡಿ ಎಂದಾದರೆ ಮೊದಲನೆಯದು ಕನ್ನಡ ಮಾಡಿ ಕಳಿಸಿದ್ದನ್ನು ಎರಡನೆಯದು ಮತ್ತೆ ಕಲಸುತ್ತದೆ. ಲ್ಯಾಪ್‌ಟಾಪಿನದ್ದನ್ನು ಮುಚ್ಚಿ, ಲ್ಯಾಪ್‌ಟಾಪಿನ ಕೀಲಿಮಣೆಯನ್ನು ಇಂಗ್ಲಿಷಿಗೆ ಇಡಿ. ಹಳೆಯ ನುಡಿಯಲ್ಲಿ ಕನ್ನಡ-ಇಂಗ್ಲಿಷ್ ಬದಲಿಸಲು ಸ್ಕ್ರಾಲ್ ಲಾಕ್ ಬೇಕು, ಹೊಸ ಲ್ಯಾಪ್‌ಟಾಪುಗಳಲ್ಲಿ ಆ ಕೀಯೇ ಇರುವುದಿಲ್ಲ. ಆಫೀಸಿನ ಪರದೆಯೊಳಗೆ ವಿಂಡೋಸಿನ ಆನ್-ಸ್ಕ್ರೀನ್ ಕೀಬೋರ್ಡ್ ತೆರೆದು ಅದರಲ್ಲಿ ಒತ್ತಿ.

ವಿಂಡೋಸಿನ ಇನ್‌ಸ್ಕ್ರಿಪ್ಟ್ ಕೀಲಿಮಣೆ ಬಳಸುವವರಿಗೆ ಬೇರೆ ತೊಡಕು. ಆರ್‌ಡಿಪಿ ಕಿಟಕಿಯನ್ನು ಸಣ್ಣದು ಮಾಡಿಟ್ಟು ವಿಂಡೋಸ್ ಕೀ, ಸ್ಪೇಸ್ ಒತ್ತಿದರೆ ಬದಲಾಗುವುದು ಲ್ಯಾಪ್‌ಟಾಪಿನ ಭಾಷೆ, ಪೂರ್ಣ ಪರದೆಯಲ್ಲಿ ಒತ್ತಿದರೆ ಆಫೀಸಿನದು. ಲೋಕಲ್ ರಿಸೋರ್ಸಸ್ ಟ್ಯಾಬಿನಲ್ಲಿ ಕೀಬೋರ್ಡ್ ಎಂಬಲ್ಲಿ "ಆನ್ ದ ರಿಮೋಟ್ ಕಂಪ್ಯೂಟರ್" ಆರಿಸಿದರೆ ಈ ಗೊಂದಲ ಹೋಗುತ್ತದೆ.

ಟೈಪಿಂಗ್ ಸರಿ, ಆದರೆ ಅಲ್ಲಿಂದ ಕಾಪಿ ಮಾಡಿ ಲ್ಯಾಪ್‌ಟಾಪಿನಲ್ಲಿ ಅಂಟಿಸಿದ್ದು ಕೊಂಬು ಮೂಡಿದ ಇಂಗ್ಲಿಷ್ ಅಕ್ಷರಗಳಂತೆ ಕಂಡರೆ ಅದು ಯೂನಿಕೋಡ್ ಅಲ್ಲದ ಹಳೆಯ ಫಾಂಟಿನ ಪಠ್ಯ. ಐಎಸ್‌ಎಂನ ಮಲಯಾಳಕ್ಕೂ ಇದೇ ಪಾಡು. ಫಾಂಟ್ ಹಾಕಿಕೊಳ್ಳಿ, ಇಲ್ಲವೇ ಆಫೀಸಿನಲ್ಲೇ ಯೂನಿಕೋಡಿಗೆ ಪರಿವರ್ತಿಸಿ ಕಾಪಿ ಮಾಡಿ. ಕಾಪಿ-ಪೇಸ್ಟೇ ನಿಂತಿದ್ದರೆ ಆಫೀಸಿನ ಟಾಸ್ಕ್ ಮ್ಯಾನೇಜರಿನಲ್ಲಿ "ಆರ್‌ಡಿಪಿಕ್ಲಿಪ್" ಮುಗಿಸಿ ಮತ್ತೆ ಓಡಿಸಿ.

ಡಿಜಿಟಲ್ ಸಹಿಯ ಟೋಕನ್ ಕಾಣುವುದಿಲ್ಲ

20ರ ರಾತ್ರಿ ತಲೆಕೆಡಿಸುವ ದೋಷ ಇದು, ಮತ್ತು ಇದು ದೋಷವೇ ಅಲ್ಲ. ಟೋಕನ್ ಆಫೀಸಿನ ಯುಎಸ್‌ಬಿಯಲ್ಲಿದೆ, ದೀಪವೂ ಉರಿಯುತ್ತಿದೆ, ಸಹಿ ಹಾಕಿಸುವ ಎಂಸೈನರ್ ತಂತ್ರಾಂಶ ಮಾತ್ರ ಪ್ರಮಾಣಪತ್ರ ಇಲ್ಲ ಎನ್ನುತ್ತದೆ. ಆರ್‌ಡಿಪಿಯಲ್ಲಿ ಬಂದವನಿಗೆ ವಿಂಡೋಸ್ ತೋರಿಸುವುದು ಅವನ ಲ್ಯಾಪ್‌ಟಾಪಿಗೆ ಸಿಕ್ಕಿಸಿದ ಸ್ಮಾರ್ಟ್‌ಕಾರ್ಡನ್ನು. ಆಫೀಸಿನ ಯಂತ್ರಕ್ಕೆ ಸಿಕ್ಕಿಸಿದ್ದನ್ನಲ್ಲ. ಈ ಟೋಕನ್ನುಗಳು ವಿಂಡೋಸಿನ ಕಣ್ಣಿಗೆ ಸ್ಮಾರ್ಟ್‌ಕಾರ್ಡುಗಳೇ. ದಾರಿ ಎರಡು. ಟೋಕನ್ ಆಫೀಸಿನಲ್ಲಿದ್ದರೆ ಆರ್‌ಡಿಪಿ ಬಿಟ್ಟು ಎನಿಡೆಸ್ಕಿನಂಥದ್ದರಲ್ಲಿ ಬನ್ನಿ. ಟೋಕನ್ ನಿಮ್ಮ ಕೈಯಲ್ಲಿದ್ದರೆ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಅದರ ಡ್ರೈವರನ್ನು ಎರಡೂ ಯಂತ್ರಗಳಲ್ಲಿ ಹಾಕಿ, ಲೋಕಲ್ ರಿಸೋರ್ಸಸ್‌ನಲ್ಲಿ ಸ್ಮಾರ್ಟ್‌ಕಾರ್ಡ್ ಗುರುತು ಹಾಕಿಕೊಂಡು ಮತ್ತೆ ಸೇರಿ. ಪಿನ್ ಊಹಿಸಲು ಹೋಗಬೇಡಿ. ಕೆಲವೇ ತಪ್ಪಿಗೆ ಟೋಕನ್ ಬೀಗ ಹಾಕಿಕೊಳ್ಳುತ್ತದೆ. ಯಜಮಾನರ ಟೋಕನನ್ನು ಹಗಲಿರುಳು ಯುಎಸ್‌ಬಿಯಲ್ಲೇ ಬಿಟ್ಟು ಪಿನ್ನನ್ನು ಮಾನಿಟರಿಗೆ ಅಂಟಿಸುವ ಅಭ್ಯಾಸವಿದ್ದರೆ ಅದನ್ನೂ ಬಿಡಿ.

ಪ್ರಿಂಟಿನದ್ದೂ ಇದೇ ಜಾತಿ. ಬೀಗ ಹಾಕಿದ ಆಫೀಸಿನಲ್ಲಿ ಡಾಟ್ ಮ್ಯಾಟ್ರಿಕ್ಸ್ ಕರಕರ ಎನ್ನುತ್ತಿದ್ದು ನಿಮ್ಮ ಕೈಗೆ ಹಾಳೆ ಬಾರದಿದ್ದರೆ ಪ್ರಿಂಟರ್ ಪಟ್ಟಿಯಲ್ಲಿ "ರಿಡೈರೆಕ್ಟೆಡ್" ಎಂದಿರುವುದನ್ನು ಆರಿಸಿ. ಅದು ಮನೆಯ ಪ್ರಿಂಟರ್.

ಕೆಲಸದ ನಡುವೆ ಹೊರಗೆ ಹಾಕಿತು

ವಿಂಡೋಸ್ ಪ್ರೊದಲ್ಲಿ ಒಂದು ಹೊತ್ತಿಗೆ ಒಬ್ಬರೇ. ಆಫೀಸಿನಲ್ಲಿ ಯಾರೋ ಅದೇ ಯಂತ್ರಕ್ಕೆ ಲಾಗಿನ್ ಆದರು, ನೀವು ಹೊರಬಿದ್ದಿರಿ, ಅಷ್ಟೆ. ಫೋನ್ ಮಾಡಿ ಹೊತ್ತು ಹಂಚಿಕೊಳ್ಳಿ. ಇದನ್ನು ಮೀರಲು ವಿಂಡೋಸಿಗೆ ತೇಪೆ ಹಾಕಿಕೊಡುವವರಿದ್ದಾರೆ. ಅದು ಪರವಾನಗಿಗೆ ವಿರುದ್ಧ, ಮುಂದಿನ ಅಪ್‌ಡೇಟ್ ಬಂದಾಗ ಕೈಕೊಡುತ್ತದೆ.

ಮೌಸ್ ತಾನಾಗಿ ಓಡುತ್ತದೆ

ಆಫೀಸಿನಲ್ಲಿ ಯಾರೂ ಇಲ್ಲ, ನೀವೂ ಮುಟ್ಟಿಲ್ಲ, ಬಾಣ ಮಾತ್ರ ಬ್ಯಾಂಕಿನ ಪುಟದತ್ತ ಹೋಗುತ್ತಿದೆ. ಇಲ್ಲಿ ಪರೀಕ್ಷೆ ಬೇಡ. ಆಫೀಸಿನ ಬೀಗದ ಕೈ ಇರುವ ಹತ್ತಿರದವರಿಗೆ ಫೋನ್ ಮಾಡಿ ಲ್ಯಾನ್ ಕೇಬಲ್ ಕೀಳಿಸಿ, ವೈಫೈಯಲ್ಲಿದ್ದರೆ ರೂಟರ್ ಆರಿಸಲಿ. ಕಂಪ್ಯೂಟರನ್ನು ಫಾರ್ಮ್ಯಾಟ್ ಮಾಡಬೇಡಿ, ಗುರುತುಗಳೆಲ್ಲ ಹೋಗುತ್ತವೆ. ಬ್ಯಾಂಕ್, ಇಮೇಲ್, ಎನಿಡೆಸ್ಕ್ ಪಾಸ್‌ವರ್ಡುಗಳನ್ನು ಬೇರೊಂದು ಯಂತ್ರದಿಂದ ಬದಲಿಸಿ. ಹಣ ಹೋಗಿದ್ದರೆ ಬ್ಯಾಂಕಿಗೂ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಆ ಗಂಟೆಯಲ್ಲೇ ಕರೆ ಹೋಗಬೇಕು, ಬೆಳಗಾಗಲಿ ಎಂದು ಕಾಯಬಾರದು. ಯಾವತ್ತಾದರೂ "ಬ್ಯಾಂಕಿನವರು" ಎಂದು ಫೋನ್ ಮಾಡಿದವರಿಗೆ ಆ ಯಂತ್ರದ ಒಂಬತ್ತೋ ಹತ್ತೋ ಅಂಕಿಯ ಎನಿಡೆಸ್ಕ್ ಸಂಖ್ಯೆ ಓದಿ ಹೇಳಿದ್ದುಂಟಾ ಎಂದು ಆಫೀಸಿನಲ್ಲಿ ಒಬ್ಬೊಬ್ಬರನ್ನೇ, ಗದರಿಸದೆ, ಕೇಳಿ.